ಗಾಳಿ ಹೊತ್ತ ಭಾರ ಯಾರ ಹೆಗಲಿಗೆ? - ಹಳೆಯ ಮೋಟಾರ್‌ಸೈಕಲಿನ ಗಾಳಿ ಸಸ್ಪೆನ್ಷನ್ ದುರಸ್ತಿ

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಅದುಮಿ, ಹಿಡಿಯನ್ನು ಒತ್ತಿ ನೋಡಿದ್ದೀರಾ? ಮೊದಲು ಸಲೀಸಾಗಿ ಒಳಗೆ ಹೋಗುತ್ತದೆ. ಅರ್ಧ ದಾಟಿದ ಮೇಲೆ ಬಿಗಿಯಾಗುತ್ತದೆ. ಇನ್ನೂ ಒತ್ತಿದರೆ ನಿಮ್ಮ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ಪಂಪಿನೊಳಗೆ ಉಕ್ಕಿನ ಸ್ಪ್ರಿಂಗ್ ಯಾವುದೂ ಇಲ್ಲ. ಇರುವುದು ಬರಿಯ ಗಾಳಿ. ಮುಚ್ಚಿದ ಪಾತ್ರೆಯೊಳಗಿನ ಗಾಳಿ ಒಂದು ಒಳ್ಳೆಯ ಸ್ಪ್ರಿಂಗ್. ತೂಕವಿಲ್ಲ, ಮುರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಬೇಕೆಂದಾಗ ಬಿಗಿ ಮಾಡಬಹುದು, ಬೇಡವೆಂದಾಗ ಸಡಿಲ ಮಾಡಬಹುದು. ಅದಕ್ಕಿರುವ ದೋಷ ಒಂದೇ: ಸಂದು ಸಿಕ್ಕಿದರೆ ಹೊರಟುಹೋಗುತ್ತದೆ.

ಈ ಗುಣವನ್ನೂ ದೋಷವನ್ನೂ ಒಟ್ಟಿಗೆ ಕಾಣಬೇಕಾದರೆ ಗಾಳಿ ಸಸ್ಪೆನ್ಷನ್ ಇರುವ ಹಳೆಯ ಮೋಟಾರ್‌ಸೈಕಲನ್ನು ನೋಡಬೇಕು. ಮೂವತ್ತು ನಲವತ್ತು ವರ್ಷ ಓಡಿದ ಮೇಲೆ ಅದರ ಗಾಳಿ ನಿಲ್ಲುವುದಿಲ್ಲ. ಆಗ ಮಾಲೀಕನ ಮುಂದೆ ಎರಡು ದಾರಿ. ಸೋರುವ ಜಾಗ ಹುಡುಕಿ ದುರಸ್ತಿ ಮಾಡುವುದು ಒಂದು. ಗಾಳಿಯ ಸಹವಾಸವೇ ಬೇಡವೆಂದು ಅದನ್ನು ಬಿಟ್ಟು, ಉಕ್ಕಿನ ಸ್ಪ್ರಿಂಗನ್ನೇ ನೆಚ್ಚುವುದು ಇನ್ನೊಂದು. ಎರಡನೆಯದು ಸುಲಭವೆಂದು ತೋರುತ್ತದೆ. ಆದರೆ ಅಲ್ಲಿ ಒಂದು ಪ್ರಶ್ನೆಗೆ ಮೊದಲು ಉತ್ತರ ಬೇಕು. ಗಾಳಿ ಇಷ್ಟು ದಿನ ಹೊತ್ತಿದ್ದ ಭಾರವನ್ನು ಇನ್ನು ಮುಂದೆ ಯಾರು ಹೊರುತ್ತಾರೆ? ತೆರೆಯ ಮೇಲಿನ ಮಾತುಕತೆಯಲ್ಲಿ ಲೆಕ್ಕ ಹಾಕಲು ಪುರಸೊತ್ತು ಇರುವುದಿಲ್ಲ. ಆ ಲೆಕ್ಕವನ್ನು ಇಲ್ಲಿ ಹಾಕೋಣ.

ಎರಡು ಜಾತಿಯ ಫೋರ್ಕುಗಳು

ಇಂಗ್ಲೆಂಡಿನ ಡೌಟಿ ಸಂಸ್ಥೆ ವಿಮಾನಗಳ ಕಾಲುಗಳನ್ನು ತಯಾರಿಸುತ್ತಿತ್ತು. ವಿಮಾನ ನೆಲಕ್ಕಿಳಿಯುವಾಗಿನ ಹೊಡೆತವನ್ನು ಗಾಳಿ ಮತ್ತು ಎಣ್ಣೆಯಿಂದ ತಡೆಯುವ ವಿದ್ಯೆ ಅದಕ್ಕೆ ತಿಳಿದಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಅದೇ ವಿದ್ಯೆಯನ್ನು ಮೋಟಾರ್‌ಸೈಕಲಿನ ಮುಂದಿನ ಫೋರ್ಕಿಗೂ ತಂದಿತು. 'ಒಲಿಯೊಮ್ಯಾಟಿಕ್' ಎಂಬ ಹೆಸರಿನ ಈ ಫೋರ್ಕನ್ನು ಪ್ಯಾಂಥರ್, ವೆಲೊಸೆಟ್ ಮುಂತಾದ ಬ್ರಿಟಿಷ್ ವಾಹನಗಳು ಬಳಸಿದವು. ಇದರಲ್ಲಿ ಭಾರ ಹೊರಲು ಉಕ್ಕಿನ ಸ್ಪ್ರಿಂಗೇ ಇರಲಿಲ್ಲ. ಇಡೀ ಭಾರ ಗಾಳಿಯ ಮೇಲೆ. ಸೀಲು ಚೆನ್ನಾಗಿರುವವರೆಗೆ ಸವಾರಿ ಮೆತ್ತಗೆ. ಸೀಲು ಸವೆದು ಗಾಳಿ ಹೋಯಿತೆಂದರೆ ವಾಹನದ ಮೂತಿ ಕುಸಿದು ನೆಲ ನೋಡುತ್ತಿತ್ತು. ಕೆಲವು ವರ್ಷಗಳಲ್ಲೇ ಆ ತಯಾರಕರು ಉಕ್ಕಿನ ಸ್ಪ್ರಿಂಗಿನ ಫೋರ್ಕಿಗೆ ಮರಳಿದರು.

ಎರಡನೆಯ ಜಾತಿ ಜಪಾನಿನದು. ಹೋಂಡಾ ಸಂಸ್ಥೆಯ ಗೋಲ್ಡ್ ವಿಂಗ್ 1975ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಸಾಧಾರಣ ಉಕ್ಕಿನ ಸ್ಪ್ರಿಂಗು. 1980ರ ಜಿಎಲ್ 1100 ಮಾದರಿಯಲ್ಲಿ ಮುಂದೆಯೂ ಹಿಂದೆಯೂ ಗಾಳಿ ಸೇರಿತು. ಅದೇ ವರ್ಷ ಅಮೆರಿಕದ ಓಹಾಯೊ ರಾಜ್ಯದ ಮೇರಿಸ್‌ವಿಲ್ ಕಾರ್ಖಾನೆಯಲ್ಲಿ ಗೋಲ್ಡ್ ವಿಂಗ್ ತಯಾರಿಕೆ ಶುರುವಾಯಿತು. ಇದು ದೂರಪ್ರಯಾಣದ ವಾಹನ. ಪೆಟ್ರೋಲು, ಎಣ್ಣೆ ತುಂಬುವ ಮೊದಲೇ 260 ಕಿಲೋಗ್ರಾಂ ದಾಟುವ ತೂಕ. ಇಂದು ಒಬ್ಬನೇ ಸವಾರ. ನಾಳೆ ಹಿಂದೆ ಇನ್ನೊಬ್ಬರು, ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ. ಉಕ್ಕಿನ ಸ್ಪ್ರಿಂಗನ್ನು ಹಗುರ ಸವಾರಿಗೆ ಹೊಂದಿಸಿದರೆ ಭಾರ ಬಿದ್ದಾಗ ಜಗ್ಗುತ್ತದೆ. ಭಾರಕ್ಕೆ ಹೊಂದಿಸಿದರೆ ಒಬ್ಬನೇ ಕುಳಿತಾಗ ಎತ್ತಿ ಎತ್ತಿ ಹಾಕುತ್ತದೆ. ಗಾಳಿಯಾದರೆ ದಿನದ ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸಬಹುದು, ಇಳಿಸಬಹುದು. ಇಲ್ಲಿ ಕೊಳವೆಯೊಳಗೆ ಉಕ್ಕಿನ ಸ್ಪ್ರಿಂಗೂ ಇದೆ, ಅದರ ಜೊತೆಗೆ ಗಾಳಿಯೂ ಇದೆ. ಉಕ್ಕು ಯಜಮಾನ, ಗಾಳಿ ಸಹಾಯಕ.

ಈ ಭೇದ ಬಹಳ ಮುಖ್ಯ. ಡೌಟಿ ಫೋರ್ಕಿನಿಂದ ಗಾಳಿಯನ್ನು ಸುಮ್ಮನೆ ತೆಗೆಯುವಂತಿಲ್ಲ. ಒಳಗೆ ಹೊಸದಾಗಿ ಸ್ಪ್ರಿಂಗ್ ಕೂರಿಸಬೇಕು. ಗೋಲ್ಡ್ ವಿಂಗಿನಲ್ಲಿ ಗಾಳಿ ಹೋದರೂ ವಾಹನ ನಿಲ್ಲುತ್ತದೆ, ಓಡುತ್ತದೆ ಕೂಡ. ಮೋಸ ಇರುವುದೇ ಇಲ್ಲಿ. ಓಡುತ್ತದೆ ಎಂದಮಾತ್ರಕ್ಕೆ ಸರಿಯಾಗಿದೆ ಎಂದಲ್ಲ.

ಸ್ವಲ್ಪ ಲೆಕ್ಕ

ಒಂದು ಫೋರ್ಕಿನ ಕಾಲನ್ನು ಊಹಿಸಿಕೊಳ್ಳಿ. ಅದರ ಒಳಗಿನ ಕೊಳವೆಯ ವ್ಯಾಸ 40 ಮಿ.ಮೀ. ಎಂದಿರಲಿ. ಆಗ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 12.6 ಚದರ ಸೆಂ.ಮೀ. ವಾತಾವರಣದ ಒತ್ತಡವನ್ನು ಸರಳತೆಗಾಗಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಫೋರ್ಕಿಗೆ ಅಷ್ಟೇ ಒತ್ತಡದ ಗಾಳಿಯನ್ನು ಹೆಚ್ಚುವರಿಯಾಗಿ ತುಂಬಿದರೆ, ಅಂದರೆ ಮಾಪಕ 1 ತೋರಿಸಿದರೆ, ಆ ಗಾಳಿ 12.6 ಕಿಲೋಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ. ಎರಡು ಕಾಲಿಗೆ ಸೇರಿ 25 ಕಿಲೋಗ್ರಾಂ. ಸೋರಿಹೋದರೆ ಕಳೆದುಕೊಳ್ಳುವುದು ಇಷ್ಟು. ಒಂದು ಅಕ್ಕಿ ಮೂಟೆಯನ್ನು ಹ್ಯಾಂಡಲಿನ ಮೇಲೆ ಹೊರಿಸಿದ ಹಾಗಾಯಿತು.

ಇದು ಫೋರ್ಕು ಪೂರ್ತಿ ಚಾಚಿಕೊಂಡಾಗಿನ ಮಾತು. ಗುಂಡಿಗೆ ಬಿದ್ದಾಗ ಏನಾಗುತ್ತದೆ? ಕಾಲಿನೊಳಗೆ ಎಣ್ಣೆಯ ಮೇಲೆ 320 ಘನ ಸೆಂ.ಮೀ. ಗಾಳಿ ಇದೆ ಎನ್ನೋಣ. ಫೋರ್ಕು ಅರ್ಧ ಕುಗ್ಗಿದಾಗ, ಸುಮಾರು 6.4 ಸೆಂ.ಮೀ., ಅದು 240 ಘನ ಸೆಂ.ಮೀ. ಆಗುತ್ತದೆ. ಪೂರ್ತಿ ಕುಗ್ಗಿದಾಗ 160. ಬಾಯ್ಲನ ನಿಯಮ ನಿಮಗೆ ಗೊತ್ತು: ಉಷ್ಣತೆ ಬದಲಾಗದಿದ್ದರೆ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ. ಇಲ್ಲಿ ಒಂದು ಎಚ್ಚರ. ಮಾಪಕ ತೋರಿಸುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ನಿಯಮಕ್ಕೆ ಬೇಕಾದುದು ಒಟ್ಟು ಒತ್ತಡ. ಆದ್ದರಿಂದ ಮಾಪಕದ 1 ನಮ್ಮ ಲೆಕ್ಕದಲ್ಲಿ 2.

ಈ 2 ಎಂಬುದು ಅರ್ಧದಾರಿಯಲ್ಲಿ 2.67 ಆಗುತ್ತದೆ, ಕೊನೆಯಲ್ಲಿ 4 ಆಗುತ್ತದೆ. ಮೊದಲರ್ಧದಲ್ಲಿ ಏರಿದ್ದು 0.67, ಎರಡನೆಯ ಅರ್ಧದಲ್ಲಿ 1.33. ದೂರ ಅಷ್ಟೇ, ಏರಿಕೆ ಇಮ್ಮಡಿ. ಪಂಪಿನ ಹಿಡಿ ಕೊನೆಕೊನೆಗೆ ಬಿಗಿಯಾಗುವುದಕ್ಕೆ ಇದೇ ಕಾರಣ. ಹುಕ್ಕನ ನಿಯಮ ಪಾಲಿಸುವ ಉಕ್ಕಿನ ಸ್ಪ್ರಿಂಗು ಪ್ರತಿ ಮಿಲಿಮೀಟರಿಗೂ ಒಂದೇ ಸಮನೆ ಬಿಗಿಯಾಗುತ್ತದೆ. ಗಾಳಿ ಹಾಗಲ್ಲ, ಸಣ್ಣ ಉಬ್ಬುತಗ್ಗಿಗೆ ಮೃದು, ದೊಡ್ಡ ಹೊಡೆತಕ್ಕೆ ಕಠಿಣ. ಗುಂಡಿಯ ಹೊಡೆತ ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಗಾಳಿ ಬಿಸಿಯಾಗಿ ಒತ್ತಡ ನಮ್ಮ ಲೆಕ್ಕಕ್ಕಿಂತ ಇನ್ನಷ್ಟು ಏರುತ್ತದೆ.

ಸೋರುತ್ತಿರುವುದು ಎಲ್ಲಿ?

ಮಾಪಕದ ಮುಳ್ಳು ಇಳಿದ ಕೂಡಲೇ ಸೋರಿಕೆ ಎಂದು ತೀರ್ಮಾನಿಸಬೇಡಿ. ಮಧ್ಯಾಹ್ನ 35 ಡಿಗ್ರಿಯಲ್ಲಿ ತುಂಬಿದ ಗಾಳಿಯನ್ನು ಮುಂಜಾನೆ 20 ಡಿಗ್ರಿಯಲ್ಲಿ ಅಳೆದರೆ ಒಟ್ಟು ಒತ್ತಡ ಶೇಕಡ 5ರಷ್ಟು ಕಡಿಮೆ ಇರುತ್ತದೆ. 2 ಇದ್ದುದು 1.9, ಮಾಪಕದಲ್ಲಿ 1ರ ಬದಲು 0.9. ಇದು ಸೋರಿಕೆಯಲ್ಲ, ಚಳಿ. ಇನ್ನೊಂದು ಮೋಸ ಮಾಪಕದ್ದೇ. ಅದನ್ನು ಜೋಡಿಸುವಾಗ ಅದರ ಕೊಳವೆಯನ್ನು ತುಂಬಲು ಫೋರ್ಕಿನ ಗಾಳಿಯೇ ಬೇಕು. 320 ಘನ ಸೆಂ.ಮೀ. ಗಾಳಿಯಲ್ಲಿ 15 ಘನ ಸೆಂ.ಮೀ. ಮಾಪಕದ ಪಾಲಾದರೆ 1 ಇದ್ದುದು 0.95 ಎಂದು ಕಾಣುತ್ತದೆ. ದಿನಕ್ಕೆ ಹತ್ತು ಸಲ ಅಳೆದರೆ ಅಳೆಯುವುದರಿಂದಲೇ ಗಾಳಿ ಖಾಲಿ!

ನಿಜವಾದ ಸೋರಿಕೆಯನ್ನು ಹುಡುಕಲು ಪಂಕ್ಚರ್ ಅಂಗಡಿಯ ಉಪಾಯವೇ ಸಾಕು: ಸೋಪಿನ ನೀರು. ಹುಡುಕಾಟ ಅಗ್ಗದ ಭಾಗದಿಂದ ಶುರುವಾಗಿ ದುಬಾರಿ ಭಾಗದ ಕಡೆಗೆ ಹೋಗಲಿ. ಮೊದಲು ಗಾಳಿ ತುಂಬುವ ವಾಲ್ವು. ಇದು ಬಹುಪಾಲು ಸ್ಕೂಟರಿನ ಟೈರಿನಲ್ಲಿ ಇರುವಂಥದ್ದೇ. ಒಳಗಿನ ವಾಲ್ವ್ ಪಿನ್ನು ಕೆಲವೇ ರೂಪಾಯಿಯ ವಸ್ತು. ಆಮೇಲೆ ಎರಡು ಕಾಲುಗಳನ್ನು ಸೇರಿಸುವ ಕೊಳವೆ ಮತ್ತು ಅದರ ಕೀಲುಗಳು. ಎರಡೂ ಕಡೆ ಒತ್ತಡ ಸಮನಾಗಿರಲೆಂದು ಈ ಕೊಳವೆ ಇದೆ. ಇದು ಸೋರಿದರೆ ಎರಡು ಕಾಲೂ ಒಟ್ಟಿಗೆ ಬರಿದಾಗುತ್ತವೆ. ಮೂರನೆಯದು ಫೋರ್ಕಿನ ಮೇಲ್ಮುಚ್ಚಳದ ಓ-ರಿಂಗ್. ಈ ರಬ್ಬರ್ ಬಳೆ ವರ್ಷಗಳು ಕಳೆದಂತೆ ಒಣಗಿ, ಚಪ್ಪಟೆಯಾಗಿ, ಬಿರುಕು ಬಿಡುತ್ತದೆ. ಕೊನೆಯದು ಫೋರ್ಕಿನ ಎಣ್ಣೆ ಸೀಲು.

ಸೀಲಿನ ಸೋರಿಕೆಯನ್ನು ಕಂಡುಹಿಡಿಯಲು ಸೋಪಿನ ನೀರೂ ಬೇಡ. ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಪಸೆ ಉಂಗುರವಾಗಿ ನಿಂತಿರುತ್ತದೆ. ಇದನ್ನು ಬರೀ ಕೊಳೆ ಎಂದು ಒರೆಸಿ ಸುಮ್ಮನಾಗುವವರುಂಟು. ಆ ಎಣ್ಣೆ ಕೆಳಗಿಳಿದರೆ ಎಲ್ಲಿಗೆ ಹೋಗುತ್ತದೆ ನೋಡಿ: ನೇರವಾಗಿ ಮುಂದಿನ ಚಕ್ರದ ಬ್ರೇಕ್ ಡಿಸ್ಕಿನ ಕಡೆಗೆ. ಡಿಸ್ಕು ಮತ್ತು ಪ್ಯಾಡುಗಳ ನಡುವಿನ ಘರ್ಷಣೆಯೇ ಬ್ರೇಕು. ಅಲ್ಲಿ ಎಣ್ಣೆ ಬಿದ್ದರೆ ಘರ್ಷಣೆ ಮಾಯ. ಗಾಳಿ ಸೋರಿದರೆ ಸವಾರಿ ಕೆಡುತ್ತದೆ. ಎಣ್ಣೆ ಸೋರಿದರೆ ಜೀವಕ್ಕೇ ಅಪಾಯ. ಎಣ್ಣೆ ಕುಡಿದ ಪ್ಯಾಡನ್ನು ತೊಳೆದು ಮತ್ತೆ ಹಾಕಬಾರದು, ಹೊಸದನ್ನೇ ಹಾಕಬೇಕು. ಗಾಳಿಯನ್ನು ಬಿಡಲು ನಿರ್ಧರಿಸಿದವರೂ ಈ ಸೀಲನ್ನು ಬದಲಿಸದೆ ಬಿಡುವಂತಿಲ್ಲ.

ದುರಸ್ತಿಯ ದಾರಿ

ಹೊಸ ಸೀಲು ಹಾಕಿದ ತಿಂಗಳೊಳಗೆ ಮತ್ತೆ ಸೋರಿತು ಎಂಬ ದೂರು ಸಾಮಾನ್ಯ. ತಪ್ಪು ಬಹಳ ಸಲ ಸೀಲಿನದಲ್ಲ. ಅದು ಉಜ್ಜಿಕೊಂಡು ಓಡಾಡುವ ಕೊಳವೆಯ ಮೇಲೆ ತುಕ್ಕಿನಿಂದಾದ ಸಣ್ಣ ಗುಳಿಗಳಿರುತ್ತವೆ. ಅವುಗಳ ಅಂಚು ಅರದಂತೆ ರಬ್ಬರನ್ನು ಕೆರೆಯುತ್ತದೆ. ಕೊಳವೆಯ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ತಡೆಯುವ ಗುಳಿ ಸೀಲಿಗೂ ತಡೆಯುತ್ತದೆ. ಸಣ್ಣ ಗುಳಿಯನ್ನು ನಯಗೊಳಿಸಬಹುದು. ಗುಳಿ ಆಳವಾಗಿದ್ದರೆ ಕೊಳವೆಗೆ ಮತ್ತೆ ಕ್ರೋಮಿಯಂ ಲೇಪಿಸಬೇಕು, ಇಲ್ಲವೇ ಕೊಳವೆಯನ್ನೇ ಬದಲಿಸಬೇಕು. ಒಳಗಿನ ಬುಷ್ ಸವೆದು ಕೊಳವೆ ಅಲ್ಲಾಡುತ್ತಿದ್ದರೂ ಹೊಸ ಸೀಲು ಬಾಳುವುದಿಲ್ಲ.

1984ರ ಜಿಎಲ್ 1200 ಆಸ್ಪೆನ್‌ಕೇಡ್ ಮಾದರಿಯಲ್ಲಿ ವಾಹನದ ಮೇಲೆಯೇ ಒಂದು ಪುಟ್ಟ ವಿದ್ಯುತ್ ಕಂಪ್ರೆಸರ್ ಇದೆ. ಗುಂಡಿ ಒತ್ತಿದರೆ ಗಾಳಿ ತುಂಬುತ್ತದೆ. ಹೊರಗಿನ ಗಾಳಿಯಲ್ಲಿ ತೇವ ಇರುತ್ತದೆಯಲ್ಲ, ಅದನ್ನು ಹೀರಿಕೊಳ್ಳಲು ದಾರಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಡಬ್ಬಿಯೊಂದಿದೆ. ಹೊಸ ಬ್ಯಾಗು, ಬೂಟುಗಳ ಜೊತೆ ಬರುವ ಪುಟ್ಟ ಪೊಟ್ಟಣದೊಳಗಿನ ಹರಳು ಇದೇ. ಹರಳುಗಳು ತೇವ ಕುಡಿದು ತುಂಬಿಹೋದರೆ ನೀರು ಒಳಗೆ ಸೇರಿ ತುಕ್ಕಿಗೆ ದಾರಿಯಾಗುತ್ತದೆ. ಕಂಪ್ರೆಸರನ್ನು ಸರಿಪಡಿಸುವವರು ಈ ಹರಳುಗಳನ್ನು ಮರೆಯಬಾರದು.

ನಮ್ಮ ರಾಜ್ಯದ ರಸ್ತೆಗಳಲ್ಲಿ ಓಡುವ ವೋಲ್ವೊ ಬಸ್ಸುಗಳಲ್ಲೂ ಗಾಳಿಯ ಸಸ್ಪೆನ್ಷನ್ ಇದೆ. ಅವು ವರ್ಷಗಟ್ಟಲೆ ದುಡಿಯುತ್ತವಲ್ಲ ಎಂದು ನೀವು ಕೇಳಬಹುದು. ಅಲ್ಲಿ ಎಂಜಿನ್ನಿನಿಂದ ನಡೆಯುವ ಕಂಪ್ರೆಸರು ಸಣ್ಣಪುಟ್ಟ ಸೋರಿಕೆಯನ್ನು ಆಗಾಗ ತುಂಬಿಕೊಡುತ್ತಲೇ ಇರುತ್ತದೆ. ಮೋಟಾರ್‌ಸೈಕಲಿಗೆ ಆ ಅನುಕೂಲ ಇಲ್ಲ. ಒಮ್ಮೆ ತುಂಬಿದ ಅಂಗೈಯಗಲದ ಗಾಳಿಯಲ್ಲೇ ಅದರ ಬಾಳು.

ಗಾಳಿಯನ್ನು ಬಿಡುವುದಾದರೆ

ಬಿಡಿಭಾಗ ಸಿಗದಿರಬಹುದು, ಸಿಕ್ಕರೂ ಬೆಲೆ ಕೈಗೆಟುಕದಿರಬಹುದು. ಆಗ ಗಾಳಿಯನ್ನು ಬಿಡುವುದು ತಪ್ಪಲ್ಲ. ಆದರೆ ವಾಲ್ವು ಮುಚ್ಚಿ ಸುಮ್ಮನಾದರೆ ಅದು ಅರ್ಧ ಕೆಲಸ. ನಮ್ಮ ಲೆಕ್ಕಕ್ಕೆ ಮರಳೋಣ.

ಪ್ರತಿ ಕಾಲಿನಲ್ಲಿ 12.6 ಕಿಲೋಗ್ರಾಂ ಬಲ ಕಳೆದುಹೋಗಿದೆ. ಒಳಗಿನ ಉಕ್ಕಿನ ಸ್ಪ್ರಿಂಗನ್ನು 1 ಮಿ.ಮೀ. ಒತ್ತಲು 0.7 ಕಿಲೋಗ್ರಾಂ ಬೇಕು ಎನ್ನೋಣ. ಸ್ಪ್ರಿಂಗಿನ ಮೇಲೆ 18 ಮಿ.ಮೀ. ಉದ್ದದ ಕೊಳವೆಯ ತುಂಡೊಂದನ್ನು, ಅಂದರೆ ಸ್ಪೇಸರನ್ನು ಇಟ್ಟು ಮುಚ್ಚಿದರೆ, ಸ್ಪ್ರಿಂಗು ಮೊದಲೇ ಅಷ್ಟು ಕುಗ್ಗಿ ಆ 12.6 ಕಿಲೋಗ್ರಾಂ ವಾಪಸು ಬರುತ್ತದೆ. ವಾಹನ ಮತ್ತೆ ಮೊದಲಿನ ಎತ್ತರಕ್ಕೆ ನಿಲ್ಲುತ್ತದೆ. ನೋಡಿದವರು ಸರಿಹೋಯಿತು ಎನ್ನುತ್ತಾರೆ.

ಸರಿಹೋಗಿಲ್ಲ. ಫೋರ್ಕು ಪೂರ್ತಿ ಕುಗ್ಗಿದಾಗಿನ ಸ್ಥಿತಿ ನೋಡಿ. ಹಿಂದೆ ಅಲ್ಲಿ ಮಾಪಕದ ಒತ್ತಡ 3 ಇತ್ತು, ಅಂದರೆ ಗಾಳಿಯ ಬಲ 37.8 ಕಿಲೋಗ್ರಾಂ. ಈಗ ಗಾಳಿ ತುಂಬದಿದ್ದರೂ ಒಳಗೆ ವಾತಾವರಣದ ಗಾಳಿ ಸಿಕ್ಕಿಕೊಂಡಿರುತ್ತದೆ; ಅದು ಕುಗ್ಗಿ 1 ಇದ್ದುದು 2 ಆಗುತ್ತದೆ, ಬಲ 12.6 ಕಿಲೋಗ್ರಾಂ. ಕೊರತೆ 25.2. ಸ್ಪೇಸರು ಕೊಟ್ಟದ್ದು 12.6 ಮಾತ್ರ. ಪ್ರತಿ ಕಾಲಿಗೆ ಇನ್ನೂ 12.6 ಕಿಲೋಗ್ರಾಂ, ಎರಡೂ ಕಾಲಿಗೆ ಮತ್ತೊಂದು ಅಕ್ಕಿ ಮೂಟೆಯಷ್ಟು ಸಾಲ ಬಾಕಿ. ಆ ಸಾಲ ವಸೂಲಿಗೆ ಬರುವುದು ಯಾವಾಗ? ಜೋರಾಗಿ ಬ್ರೇಕು ಹಿಡಿದಾಗ, ಮೂತಿ ತಗ್ಗಿದ ಹೊತ್ತಿನಲ್ಲೇ ಗುಂಡಿ ಎದುರಾದಾಗ. ಫೋರ್ಕು ತಳ ಮುಟ್ಟಿ ಲೋಹಕ್ಕೆ ಲೋಹ ಬಡಿಯುತ್ತದೆ, ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ.

ಸ್ಪೇಸರು ಎತ್ತರವನ್ನು ಕೊಡುತ್ತದೆ, ಬಿಗಿತವನ್ನಲ್ಲ. ಬಿಗಿತ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಎಷ್ಟು? 12.6 ಕಿಲೋಗ್ರಾಮನ್ನು 127 ಮಿ.ಮೀ. ಚಲನೆಗೆ ಹಂಚಿದರೆ ಮಿಲಿಮೀಟರಿಗೆ 0.1. ಅಂದರೆ 0.7ರ ಜಾಗದಲ್ಲಿ 0.8ರ ಸ್ಪ್ರಿಂಗು. ಬದಲಾವಣೆ ಎಷ್ಟು ಚಿಕ್ಕದು ನೋಡಿ! ಗಾಳಿಯಂತೆ ಕೊನೆಗೆ ಹೆಚ್ಚು ಬಿಗಿಯಾಗಲೆಂದು ಸುರುಳಿಗಳನ್ನು ಒಂದು ತುದಿಯಲ್ಲಿ ಒತ್ತಾಗಿ ಸುತ್ತಿದ ಸ್ಪ್ರಿಂಗುಗಳೂ ಸಿಗುತ್ತವೆ. ಈ ಅಂಕಿಗಳು ನಮ್ಮ ಕಲ್ಪನೆಯ ಫೋರ್ಕಿನವು. ನಿಜವಾದ ವಾಹನಕ್ಕೆ ಅದರ ಕೈಪಿಡಿಯ ಅಂಕಿಗಳನ್ನು ಹಿಡಿದು ಇದೇ ಲೆಕ್ಕ ಮಾಡಬೇಕು. ಸ್ಪೇಸರು ತೀರ ಉದ್ದವಾದರೆ ಚಲನೆ ಮುಗಿಯುವ ಮೊದಲೇ ಸುರುಳಿಗಳು ಒಂದಕ್ಕೊಂದು ತಾಗಿ ಸ್ಪ್ರಿಂಗು ಕೋಲಿನಂತಾಗುತ್ತದೆ.

ಎಣ್ಣೆಯ ಮಟ್ಟವನ್ನು ಏರಿಸುವುದು ಇನ್ನೊಂದು ಉಪಾಯ. 40 ಘನ ಸೆಂ.ಮೀ. ಎಣ್ಣೆ ಹೆಚ್ಚು ಹಾಕಿದರೆ ಗಾಳಿಯ ಜಾಗ 320ರಿಂದ 280ಕ್ಕೆ ಇಳಿಯುತ್ತದೆ. ಪೂರ್ತಿ ಕುಗ್ಗಿದಾಗ 120. ವಾತಾವರಣದ ಗಾಳಿಯೇ ಆಗ 2.33ಕ್ಕೆ ಏರಿ, ಸುಮಾರು 4 ಕಿಲೋಗ್ರಾಂ ಹೆಚ್ಚು ಬಲ ಕೊಡುತ್ತದೆ. ಅತಿಯಾದರೆ ಮಾತ್ರ ಕಷ್ಟ. ಗಾಳಿಯಂತೆ ಎಣ್ಣೆ ಕುಗ್ಗುವುದಿಲ್ಲ. ಜಾಗ ಸಾಲದಿದ್ದರೆ ಸೀಲನ್ನೇ ಹೊರಗೆ ತಳ್ಳುತ್ತದೆ. ನಮ್ಮಲ್ಲಿ ಓಡುವ ಸಾಧಾರಣ ಬೈಕುಗಳ ಫೋರ್ಕಿನಲ್ಲೂ ಎಣ್ಣೆಯ ಮೇಲೆ ಗಾಳಿ ಇದ್ದೇ ಇರುತ್ತದೆ. ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯದೆ ಅಳೆದು ಹಾಕಬೇಕು ಎಂಬುದಕ್ಕೆ ಇದೇ ಕಾರಣ.

ಹಿಂದಿನ ಶಾಕ್ ಅಬ್ಸಾರ್ಬರುಗಳಿಗೂ ಇದೇ ನ್ಯಾಯ. ಸೋರುವ ಒಂದನ್ನು ಮಾತ್ರ ಬೇರ್ಪಡಿಸಿ ಇನ್ನೊಂದಕ್ಕೆ ಗಾಳಿ ತುಂಬಿ ಓಡಿಸಬಾರದು. ಭಾರ ಓರೆಯಾಗಿ ಬೀಳುತ್ತದೆ. ಬದಲಿಸಿದರೆ ವಾಹನದ ತೂಕಕ್ಕೆ ಹೊಂದುವ ಉಕ್ಕಿನ ಸ್ಪ್ರಿಂಗಿನ ಜೋಡಿಯನ್ನೇ ಹಾಕಬೇಕು. ಕೆಲಸ ಸರಿಯಾಯಿತೇ ಎಂದು ನೋಡುವ ಅಳತೆಯೂ ಸರಳ. ಸವಾರ ಕುಳಿತಾಗ ಸಸ್ಪೆನ್ಷನ್ನು ತನ್ನ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇಳಿಯಬೇಕು. ಹೆಚ್ಚು ಇಳಿದರೆ ಸಡಿಲ, ಕಡಿಮೆ ಇಳಿದರೆ ಅತಿ ಬಿಗಿ.

ಅಂದಹಾಗೆ, 2001ರ ಜಿಎಲ್ 1800 ಗೋಲ್ಡ್ ವಿಂಗಿನಲ್ಲಿ ಹೋಂಡಾ ತಾನೇ ಗಾಳಿಯನ್ನು ಕೈಬಿಟ್ಟು, ಹಿಂದಿನ ಉಕ್ಕಿನ ಸ್ಪ್ರಿಂಗನ್ನು ಗುಂಡಿ ಒತ್ತಿ ಬಿಗಿ ಮಾಡುವ ಏರ್ಪಾಟು ತಂದಿತು. ಮಣ್ಣಿನ ಓಟದ ಸಿಆರ್‌ಎಫ್ 450 ಆರ್ ಬೈಕಿನಲ್ಲಿ ಗಾಳಿ ಫೋರ್ಕನ್ನು ಕೆಲವು ವರ್ಷ ಬಳಸಿ, 2017ರ ಮಾದರಿಯಲ್ಲಿ ಉಕ್ಕಿಗೆ ಮರಳಿತು. ಕೆಟಿಎಂ ಮಣ್ಣಿನ ಬೈಕುಗಳು ಗಾಳಿ ಫೋರ್ಕನ್ನು ಉಳಿಸಿಕೊಂಡವು. ವಾದ ಇನ್ನೂ ಮುಗಿದಿಲ್ಲ.

ಮರೆಯಬಾರದ ಎಚ್ಚರಿಕೆಗಳು

* ಪೆಟ್ರೋಲ್ ಬಂಕಿನ ಗಾಳಿ ಯಂತ್ರವನ್ನು ಫೋರ್ಕಿಗೆ ಜೋಡಿಸಬೇಡಿ. ಟೈರಿನ ಹೊಟ್ಟೆ ದೊಡ್ಡದು, ಫೋರ್ಕಿನದು ಒಂದು ಲೋಟದಷ್ಟು. ಕಣ್ಣು ಮಿಟುಕಿಸುವುದರೊಳಗೆ ಒತ್ತಡ ಮಿತಿಮೀರಿ ಸೀಲು ಕಿತ್ತುಬರುತ್ತದೆ. ಕೈಪಂಪು ಬಳಸಿ.
* ಮೇಲ್ಮುಚ್ಚಳ ಬಿಚ್ಚುವ ಮೊದಲು ಗಾಳಿಯನ್ನು ಪೂರ್ತಿ ಹೊರಬಿಡಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಭದ್ರವಾಗಿ ನಿಲ್ಲಿಸಿ. ಒಳಗಿನ ಸ್ಪ್ರಿಂಗು ಮುಚ್ಚಳವನ್ನು ಮುಖಕ್ಕೆ ಹಾರಿಸಬಲ್ಲದು.
* ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಎಂದಿಗೂ ತುಂಬಬೇಡಿ. ಒತ್ತಡದ ಆಮ್ಲಜನಕ ಎಣ್ಣೆಗೆ ತಾಗಿದರೆ ಸ್ಫೋಟವಾಗಬಹುದು.
* ಇಂದಿನ ಬೈಕುಗಳ ಹಿಂದೆ ಕಾಣುವ ಡಬ್ಬಿ ಇರುವ 'ಗ್ಯಾಸ್ ಶಾಕ್' ಬೇರೆಯೇ ವಸ್ತು. ಅಲ್ಲಿ ಅನಿಲ ಇರುವುದು ಮುಖ್ಯವಾಗಿ ಎಣ್ಣೆ ನೊರೆಯಾಗದಂತೆ ತಡೆಯಲು. ಅದನ್ನು ಬಿಚ್ಚುವ, ಕೊರೆಯುವ ಸಾಹಸ ಬೇಡ.

ನೀವೇ ಮಾಡಿ ನೋಡಿ

ಸೂಜಿ ಇಲ್ಲದ, ಹೊಸದಾದ 20 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜೊಂದನ್ನು ತೆಗೆದುಕೊಳ್ಳಿ. ದಂಡವನ್ನು 20ರ ಗೆರೆಗೆ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ. ದಂಡದ ಮೇಲೆ ಒಂದು ಪುಸ್ತಕ ಇಟ್ಟು ಅದು ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಎರಡು ಇಡಿ, ಮೂರು ಇಡಿ. ಪ್ರತಿ ಪುಸ್ತಕಕ್ಕೂ ಇಳಿಕೆ ಕಡಿಮೆಯಾಗುತ್ತಾ ಬರುತ್ತದೆಯೇ? ಈಗ ಸಿರಿಂಜಿನೊಳಗೆ 5 ಮಿಲಿಲೀಟರ್ ನೀರು ಎಳೆದುಕೊಂಡು, ಉಳಿದ 15ರಲ್ಲಿ ಗಾಳಿ ಬಿಟ್ಟು, ಅದೇ ಪುಸ್ತಕಗಳನ್ನು ಇಡಿ. ಮೊದಲಿಗಿಂತ ಎಷ್ಟು ಬಿಗಿ? ಫೋರ್ಕಿಗೆ ಎಣ್ಣೆ ಹೆಚ್ಚು ಹಾಕಿದಾಗ ಆಗುವುದು ಇದೇ. ಕೊನೆಗೆ ಬೆರಳನ್ನು ಒಂದಿಷ್ಟೇ ಸಡಿಲಿಸಿ. ಪುಸ್ತಕಗಳೆಲ್ಲ ಮೆಲ್ಲಗೆ ಕೆಳಗಿಳಿಯುತ್ತವೆ. ಸವೆದ ಸೀಲು ಮಾಡುವುದೂ ಇಷ್ಟನ್ನೇ. ಆ ಪುಸ್ತಕಗಳು ಇಳಿಯದಂತೆ ಸಿರಿಂಜಿನೊಳಗೆ ಎಂಥ ಸ್ಪ್ರಿಂಗನ್ನು ಇಡಬೇಕು? ಲೆಕ್ಕ ಹಾಕುವ ದಾರಿ ಈಗ ನಿಮಗೆ ಗೊತ್ತಿದೆ.